ಮಗಳ ಮನಿಗೆ ಹೊಂಟ ಆಯಿ, ಹಿಂದ ನಾನು

ಇಳಕಲ್ಲಿಂದ ಶ್ರೀಶೈಲಕ್ಕ ನಡಕೋತ ಹೊಂಟು ಅವತ್ತಿಗೆ 9ನೇ ದಿನ. ರಾಯಚೂರು, ಕರ್ನೂಲು ದಾಟಿ ಆತ್ಮಕೂರಿಗೆ ಬರೂತನಾ ಬರೀ ಡಾಂಬರು ರೋಡು, ಅದರ ಬಗ್ಗೆ ಏನ್ ಹೇಳೂದು, ಬಿಸಲು, ಲಾರಿ, ಮತ್ತ ಬಿಸಲು. ಶ್ರೀಶೈಲದ ಖರೇ ದಾರಿ ಶುರು ಆಗೂದು ವೆಂಕಟಾಪುರದಿಂದ, ಅಲ್ಲಿಂದ ನಲ್ಲಮಲ ಕಾಡು. ಹುಲಿ ಇರೂ ಕಾಡು, ಆದ್ರ ಯುಗಾದಿ ಮುಂದ ನಮ್ಮ ಕಡೆ ಮಂದಿ ಹಾಕೂ ಗದ್ಲಕ್ಕ ಯಾವ ಹುಲಿ ಹತ್ರ ಬರ್ತದ ಹೇಳ್ರಿ.

ನಸುಕಿನ್ಯಾಗ 4ಕ್ಕ ಟಾರ್ಚ್ ಹಿಡ್ಕೊಂಡು ಹೊಂಟ್ವಿ. ನಾಗಲೂಟಿ ವೀರಭದ್ರನ ಗುಡಿ ಮುಟ್ಟೂದ್ರಾಗ ಬೆಳಕು ಹರೀತು, ನನ್ನ ಕಾಲು ಮಾತ್ರ ಕೈ ಕೊಟ್ಟಿತ್ತು. ಇದಕ್ಕಂತನಾ ಆನ್‌ಲೈನ್‌ನ್ಯಾಗ ಹುಡುಕಿ ಹುಡುಕಿ ತಗೊಂಡ ಶೂ, ಎರಡೂ ಹಿಮ್ಮಡಿಗೆ ಗುಳ್ಳಿ. ಮುಂದ ಒಬ್ಬಾಂವ ಎರಡೂ ಕಾಲಿಗೆ ಉದ್ದ ಕೋಲಿನ ಮರಗಾಲು ಕಟ್ಕೊಂಡು ಆ ಕಲ್ಲಿನ ಮೆಟ್ಟಲಾ ಹತ್ತಾಕತ್ತಿದ್ದ, ಅವನ್ನ ನೋಡಿ ನನಗ ನಾಚಿಕಿ ಬಂತು, ಆದ್ರ ನಾಚಿಕಿಯಿಂದ ಗುಳ್ಳಿ ಕಡಿಮಿ ಆಗಂಗಿಲ್ಲಲ್ಲ. ಈ ದಾರಿಗೆ ಮೆಟ್ಟಲಾ ಕಟ್ಟಿಸಿದಾಂವ 14ನೇ ಶತಮಾನದ ರೆಡ್ಡಿ ದೊರೆ ಪ್ರೋಲಯ ವೇಮಾರೆಡ್ಡಿ ಅಂತಾರ. ಪುಣ್ಯಾತ್ಮ, ಒಂದೊಂದು ಮೆಟ್ಟಲಾನೂ ಮೊಣಕಾಲಿನ ಎತ್ತರ ಇಟ್ಟಾನ.

ಅಲ್ಲೇ ಒಂದು ಕಲ್ಲಿನ ಮ್ಯಾಲ ಕುಂತಾಗ ಸಿಕ್ಕಾಕಿ ಆಯಿ. ಅಮೀನಗಡ ಕಡೆಯಾಕಿ, ಎಪ್ಪತ್ತು ದಾಟಿರಬೇಕು, ಹವಾಯಿ ಚಪ್ಪಲಿ, ಬಗಲಾಗ ಒಂದು ಬಟ್ಟಿ ಚೀಲ. ನನ್ನ ಕಾಲು ನೋಡಿ, "ತಮ್ಮಾ, ಒಡೀಬ್ಯಾಡ ಅದನ್ನ, ತಡಿ" ಅಂದು ನಡಕ್ಕ ಸಿಗಿಸಿದ್ದ ಎಲಿಅಡಿಕಿ ಸಂಚಿ ತಗದ್ಲು. ಅದರಾಗ ಸೂಜಿ, ಬಿಳಿ ದಾರ. ದಾರಕ್ಕ ಕೊಬ್ರಿ ಎಣ್ಣಿ ಸವರಿ, ಗುಳ್ಳಿಯ ಈ ಕಡೆಯಿಂದ ಚುಚ್ಚಿ ಆ ಕಡೆಯಿಂದ ತಗದು, ದಾರ ಒಳಗ ಬಿಟ್ಟು ಎರಡೂ ತುದಿ ಬೆರಳಷ್ಟು ಕತ್ತರಿಸಿದ್ಲು. ನೀರು ದಾರ ಹಿಡ್ಕೊಂಡು ತಾನಾ ಇಳೀತು, ಚರ್ಮ ಹಂಗ ಉಳೀತು. ಇದಕ್ಕ ಡಾಕ್ಟರು ಏನಂತಾರೋ, ಬೈತಾರ ಅಂತ ಕಾಣಸ್ತದ, ನನಗಂತೂ ಶೂ ಕುತ್ತಿಗಿಗೆ ಹಾಕ್ಕೊಂಡು ಸಾಕ್ಸ್ ಮ್ಯಾಲ ಚಪ್ಪಲಿ ಮೆಟ್ಟಿ ನಡಿಯೂವಂಗ ಆತು.

ಅಲ್ಲಿಂದ ಇಬ್ರೂ ಕೂಡೇ ಹೊಂಟ್ವಿ. ಎಲಿ ಉದುರಿದ ಗಿಡಾ, ನೆಳ್ಳು ಅನ್ನೂದಾ ಇಲ್ಲ, ಕಲ್ಲು ಕಾದು ಹಂಚಾಗಿತ್ತು. ಅಲ್ಲಲ್ಲಿ ನಮ್ಮ ಕಡೆಯವ್ರದಾ ದಾಸೋಹ, ಮಜ್ಜಿಗಿ, ಕಲ್ಲಂಗಡಿ, ಒಂದು ಕಡೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಾದ್ಲಿ. ಆಂಧ್ರದ ಕಾಡಿನ್ಯಾಗ ಕುಂತು ಮಾದ್ಲಿಗೆ ಹಾಲು ಹಾಕ್ಕೊಂಡು ತಿನ್ನಾಕತ್ತೀನಿ ಅಂತ ಮನಿಗೆ ಫೋಟೋ ಕಳಸೂಣಂದ್ರ ನೆಟ್‌ವರ್ಕ್ ಇಲ್ಲ.

ಆಯಿ ಆ ಚೀಲಾನ ಉಣ್ಣುವಾಗೂ ತೊಡಿ ಮ್ಯಾಲ ಇಟ್ಕೊಂಡಿದ್ಲು. "ಏನೈತಿ ಆಯಿ ಅದರಾಗ?" ಅಂದೆ. "ಭ್ರಮರಾಂಬಾಗ ಉಡಿ." ನಮ್ಮ ಕಡೆ ಲೆಕ್ಕ ನಿಮಗೂ ಗೊತ್ತಿರಬೇಕು, ಶ್ರೀಶೈಲದ ದೇವಿ ಭ್ರಮರಾಂಬ ಅಂದ್ರ ನಮ್ಮ ಮನಿ ಮಗಳು, ಆಕಿ ಗಂಡ ಮಲ್ಲಯ್ಯ, ಅಂದ್ರ ಮಲ್ಲಿಕಾರ್ಜುನ, ನಮ್ಮ ಅಳಿಯ, ಹಬ್ಬಕ್ಕ ಮಗಳ ಮನಿಗೆ ಖಾಲಿ ಕೈಲೆ ಹೋಗಂಗಿಲ್ಲ. ಆ ಕಡೆ ಕಾಡಿನ ಚೆಂಚು ಬುಡಕಟ್ಟಿನ ಮಂದಿನೂ ಮಲ್ಲಯ್ಯನ್ನ ತಮ್ಮ ಅಳಿಯ ಅಂತಾರ, ಎರಡು ಕಡೆ ಬೀಗತನ ಮಾಡ್ಯಾನ ಪುಣ್ಯಾತ್ಮ. ನಾನು ಇದನ್ನ ಹೇಳಿದ್ದಕ್ಕ ಆಯಿ ನಗಲಿಲ್ಲ. "ಆಕಿಗೆ ಎಷ್ಟ ತ್ರಾಸ ಆಗಿರಬೇಕು" ಅಂದ್ಲು ಅಷ್ಟ.

ಚೀಲ ನಾ ಹಿಡೀತೀನಿ ಕೊಡು ಅಂತ ಮೂರು ಸಲ ಕೇಳಿದೆ. "ಮಗಳಿಗೆ ಒಯ್ಯೂದನ್ನ ಹಾದ್ಯಾಗ ಸಿಕ್ಕವ್ರ ಕೈಯಾಗ ಕೊಡ್ತಾರೇನೋ?" ನಾಕನೇ ಸಲ ಕೇಳಲಿಲ್ಲ.

ಪೆದ್ದ ಚೆರುವು ಮುಟ್ಟಿದಾಗ ಹೊತ್ತು ಮುಳುಗಾಕತ್ತಿತ್ತು. ತೆಲುಗಿನ್ಯಾಗ ಹಂಗಂದ್ರ ದೊಡ್ಡ ಕೆರಿ. ಕಾಡಿನ ನಡುವ ಅಷ್ಟು ನೀರು ಒಮ್ಮೆಲೇ ಕಂಡದ್ದಕ್ಕ ಹಿಂದಿನವ್ರು ಮುಂದಿನವ್ರು ಎಲ್ಲಾರೂ ಹರಹರ ಮಹಾದೇವ ಅಂತ ಕೂಗಿದ್ರು, ನಾನೂ ಕೂಗಿದೆ, ಮನಿಯಾಗ ದೀಪಾ ಹಚ್ಚಾಕೂ ಬ್ಯಾಸರ ಮಾಡ್ಕೊಳ್ಳಾಂವ. ನಾಳೆ ಭೀಮನಕೊಳ್ಳ ಇಳದು ಹತ್ತೂದು ಇನ್ನೂ ಬಾಕಿ ಇತ್ತು, ಅದರ ಮಾತು ಯಾರೂ ತಗೀಲಿಲ್ಲ.

ದಂಡಿಗೆ ಬಂದು ಆಯಿ ಸೀರಿ ಎತ್ತಿ ಕಟ್ಟಿ, ಒಂದು ಗಳಿಗಿ ಆಕಡೆ ಈಕಡೆ ನೋಡಿ, ಚೀಲ ನನ್ನ ಕಡೆ ಚಾಚಿದ್ಲು. "ಹಿಡಕೋ. ಕೆಳಗ ಇಡಬ್ಯಾಡ ಮತ್ತ. ಮಾರಿ ತೊಳಕೊಂಡು ಬರ್ತೀನಿ."

ಇಳಕಲ್ ಸೀರಿ, ಖಣ, ಅಕ್ಕಿ, ಕೊಬ್ರಿ ಬಟ್ಟಲು, ಹಸಿರು ಬಳಿ. ನನ್ನ ಬ್ಯಾಗಿಗಿಂತ ವಜ್ಜಿ ಇತ್ತು.