ಮದುವೆ ಆದ್ಮೇಲೆ ಹಾಡು ಯಾಕೆ?

ಶುಕ್ರವಾರ, 14 ಜೂನ್ 2024

ನಮ್ಮ ಸಿನಿಮಾದ ನಾಲ್ಕು ಹಾಡು ಓಕೆ ಆಗಿವೆ. ಜಗಳ ಇರೋದು ಐದನೆಯದಕ್ಕೆ, ಇಂಟರ್‌ವಲ್ ಆದ ಮೇಲೆ ಬರೋ ಹಾಡಿಗೆ.

ನಿರ್ಮಾಪಕರು ಟೀ ಲೋಟ ಕೆಳಗಿಟ್ಟು ಕೇಳಿದರು. "ಅಲ್ರೀ, ಅವರಿಬ್ಬರಿಗೂ ಫಸ್ಟ್ ಹಾಫಲ್ಲೇ ಮದುವೆ ಆಗೋಯ್ತು. ಆಮೇಲೆ ಲವ್ ಸಾಂಗ್ ಯಾಕೆ? ಒಂದು ಡ್ಯಾನ್ಸ್ ನಂಬರ್ ಹಾಕಿ."

ಯಾರೂ ಬಾಯಿ ಬಿಡಲಿಲ್ಲ. ನನಗೆ ತಡೆಯೋಕಾಗಲಿಲ್ಲ. "ಸರ್, ಮೈಸೂರ ಮಲ್ಲಿಗೆಯಲ್ಲಿ ಇರೋದು ಗಂಡ ಹೆಂಡತಿ ಪ್ರೀತಿನೇ ಅಲ್ವಾ?" ಅಂದೆ.

1942ರಲ್ಲಿ ಬಂದ ಕೆ.ಎಸ್. ನರಸಿಂಹಸ್ವಾಮಿ (ಕೆ.ಎಸ್.ನ.) ಅವರ ಕವನ ಸಂಕಲನ ಅದು. ಐವತ್ತು ವರ್ಷ ಆದ ಮೇಲೆ ನಾಗಾಭರಣ ಸಿನಿಮಾ ಮಾಡಿದರು, ಅಶ್ವಥ್ ಸಂಗೀತ ಕೊಟ್ಟರು. ಕೆ.ಎಸ್.ನ. ಅವರಿಗೆ ಗೀತರಚನೆಯ ರಾಷ್ಟ್ರಪ್ರಶಸ್ತಿ ಬಂತು. 'ರಾಯರು ಬಂದರು' ಹಾಡನ್ನೇ ನೋಡಿ. ಬಾಗಿಲಲ್ಲಿ ಕಾಲಿಗೆ ಬಿಸಿನೀರು ಬರುತ್ತದೆ. ಬೆಳ್ಳಿ ಬಟ್ಟಲಲ್ಲಿ ಗಸಗಸೆ ಪಾಯಸ ಕಾದಿದೆ. ಮಂಚ ಸಿದ್ಧವಾಗಿದೆ. ಎಲ್ಲ ಇದೆ, ಹೆಂಡತಿ ಪದುಮ ಒಳಗಿಲ್ಲ! ರಾಯರ ಜೀವ ಯಾರಿಗಾಗಿ ಚಡಪಡಿಸುತ್ತಿದೆ ಅಂತ ಹಾಡು ಬಿಡಿಸಿ ಹೇಳಬೇಕಾ?

"ಅದು ಆ ಕಾಲ ಕಣ್ರೀ. ಈಗಿನವರಿಗೆ ಮುಂಗಾರು ಮಳೆ ಥರ ಬೇಕು" ಅಂದರು ನಿರ್ಮಾಪಕರು.

ಸರಿ, ಅದನ್ನೇ ತಗೊಳ್ಳೋಣ. ಜಯಂತ ಕಾಯ್ಕಿಣಿ ಬರೆದ 'ಅನಿಸುತಿದೆ ಯಾಕೋ ಇಂದು' 2006ರಿಂದ ಇವತ್ತಿನವರೆಗೂ ಯಾಕೆ ಉಳಿಯಿತು? ಮನೋಮೂರ್ತಿ ಟ್ಯೂನ್, ಸೋನು ನಿಗಮ್ ದನಿ, ಮಳೆ, ಎಲ್ಲ ಹೌದು. ಆದರೆ ಆ ಹುಡುಗಿಗೆ ಬೇರೆ ಕಡೆ ಮದುವೆ ಗೊತ್ತಾಗಿದೆ. ಅವನಿಗೆ ಅವಳು ಸಿಗುವ ದಾರಿಯೇ ಇಲ್ಲ. ಹಾಡು ಹುಟ್ಟೋದು ಆ ಇಕ್ಕಟ್ಟಲ್ಲಿ. ಮದುವೆ ಆಗಿದೆಯೋ ಇಲ್ಲವೋ ಅನ್ನೋದು ಲೆಕ್ಕಕ್ಕೇ ಬರಲ್ಲ.

ನಮ್ಮ ಕಥೆಯಲ್ಲೂ ಇಕ್ಕಟ್ಟು ಇದೆಯಲ್ಲ. ಅವನು ಶಿವಮೊಗ್ಗ–ಬೆಂಗಳೂರು ರಾತ್ರಿ ಬಸ್ಸಿನ ಕಂಡಕ್ಟರ್. ಅವಳು ಡೇ ಡ್ಯೂಟಿ ನರ್ಸ್. ಅವನು ಮನೆಗೆ ಬರುವ ಹೊತ್ತಿಗೆ ಅವಳು ಹೊರಟಾಗಿರುತ್ತದೆ. ಮುಚ್ಚಿಟ್ಟ ತಟ್ಟೆ, ಇನ್ನೂ ಒದ್ದೆ ಇರೋ ಟವೆಲ್, ಅಷ್ಟೇ ಅವರ ಸಂಸಾರ. ಇಲ್ಲಿ ಡ್ಯಾನ್ಸ್ ತುರುಕಿದರೆ ಸಿನಿಮಾದ ಜೀವ ಹೋಗುತ್ತದೆ. ಇದನ್ನು ಎಲ್ಲರೆದುರು ಹೇಳಿಬಿಟ್ಟೆ. ನಿರ್ಮಾಪಕರು "ಯೋಚನೆ ಮಾಡಿ ಹೇಳ್ತೀನಿ" ಅಂದು ಎದ್ದರು.

ಅವರು ಹೋದ ಮೇಲೆ ಹಾಡು ಬರೆಯೋ ಮೇಷ್ಟ್ರು ಟ್ಯೂನ್ ಬಗ್ಗೆ ತಕರಾರು ಶುರು ಮಾಡಿದರು. ಪಲ್ಲವಿಯ ಕೊನೇ ಸ್ವರ ಮೇಲಕ್ಕೆ ಹೋಗಿ ಉದ್ದಕ್ಕೆ ನಿಲ್ಲುತ್ತದೆ. ನಮ್ಮ ಮಾತುಗಳು ಜಾಸ್ತಿ 'ಉ'ಗೆ ಬಂದು ನಿಲ್ಲೋದು, ನೀರು, ಊರು, ಕಣ್ಣು. ಅಷ್ಟು ಮೇಲೆ ಹೋದಾಗ ಹಾಡೋರು ಬಾಯಿ ತೆರೆಯಬೇಕು, 'ಆ' ಬೇಕು. "ಎರಡು ಮಾತ್ರೆ ಮುಂಚೆ ಇಳಿಸಿ ಸ್ವಾಮಿ, ನಿಮ್ಮ 'ಆ' ಗೋಸ್ಕರ ಸುಳ್ಳು ಸಾಲು ಬರೆಯಲಾರೆ" ಅಂದರು. ಸಂಗೀತ ನಿರ್ದೇಶಕರು ಕೀಬೋರ್ಡ್ ಮೇಲೆ ಕೈ ಇಟ್ಟುಕೊಂಡು ಸುಮ್ನೆ ಕೂತರು. ಕೆ.ಎಸ್.ನ. ಪದ್ಯಕ್ಕೆ ಟ್ಯೂನ್ ಬಗ್ಗಿತು. ಈಗ ಟ್ಯೂನ್ ಮೊದಲು ಬರುತ್ತದೆ, ಮಾತು ಬಗ್ಗಬೇಕು. ನನಗಂತೂ ಮೇಷ್ಟ್ರ ಮಾತೇ ಸರಿ ಅನಿಸಿತು. ಕೊನೆಗೆ ಸ್ವರ ಇಳಿಸಿ ನುಡಿಸಿದರು. ಚೆನ್ನಾಗಿತ್ತು, ತುಂಬಾ ಚೆನ್ನಾಗಿತ್ತು!

ರಾತ್ರಿ ಅಕ್ಕನ ಫೋನ್. ಊರಲ್ಲಿ ಕರೆಂಟ್ ಇಲ್ಲ, ಅಮ್ಮನಿಗೆ ಮತ್ತೆ ಮಂಡಿನೋವು. ಭಾನುವಾರ ಹೋಗಿಬರಲೇಬೇಕು. ಮನಸ್ಸು ಒಂಥರಾ ಆಯ್ತು. ಹಾಗೇ ಕೇಳಿದೆ, "ನೀನೂ ಭಾವನೂ ಒಟ್ಟಿಗೆ ಕೇಳೋ ಹಾಡು ಯಾವುದೇ?" "ಒಟ್ಟಿಗೆ ಎಲ್ಲಿ ಕೇಳ್ತೀವೋ? ಅವರು ಬಚ್ಚಲಲ್ಲಿ ಗುನುಗ್ತಾರೆ. ಅದೇ ಹಾಡು ಮಧ್ಯಾಹ್ನ ಪಾತ್ರೆ ತೊಳೀವಾಗ ನನ್ನ ಬಾಯಿಗೆ ಬರತ್ತೆ."

ಆಗಿನಿಂದ ಇದೇ ತಲೆಯಲ್ಲಿ ಓಡ್ತಿದೆ. ಡ್ಯುಯೆಟ್ಟೇ ಇರಲಿ, ಆದರೆ ಇಬ್ಬರೂ ಒಟ್ಟಿಗೆ ಹಾಡೋದು ಬೇಡ. ಬೆಳಗ್ಗೆ ಅವನು ಅರ್ಧಕ್ಕೆ ಬಿಟ್ಟ ಸಾಲನ್ನು ಅವಳು ವಾರ್ಡಿನಲ್ಲಿ ಎತ್ತಿಕೊಳ್ಳಲಿ. ಎರಡನೇ ಚರಣ ಅವಳಿಂದ ಶುರುವಾಗಲಿ. ಎರಡು ದನಿ ಸೇರೋದಾದರೆ ಕೊನೇ ಪಲ್ಲವಿಯಲ್ಲಿ, ಅದೂ ಭಾನುವಾರದ ಸೀನ್ ಆಗಿದ್ದರೆ ಮಾತ್ರ, ಇಲ್ಲಾಂದ್ರೆ ಕ್ಲೈಮ್ಯಾಕ್ಸ್‌ವರೆಗೂ ಸೇರಿಸದೇನೇ ಇಟ್ಟುಕೊಂಡು...