ಸಗಣಿ ವಾಸನೆಯ ಹಕ್ಕಿ

ಒಂದು ಹಕ್ಕಿಯಿಂದ ದನದ ಕೊಟ್ಟಿಗೆಯ ವಾಸನೆ ಬರುತ್ತದೆ ಅಂದರೆ ನಂಬುತ್ತೀರಾ? ದಕ್ಷಿಣ ಅಮೆರಿಕದ ಹೊವಾಟ್ಸಿನ್ ಅಂಥ ಹಕ್ಕಿ. ಅಮೆಜಾನ್, ಒರಿನೊಕೊ ನದಿಗಳ ಸುತ್ತ, ನೀರಿನ ಮೇಲೆ ಬಾಗಿದ ಮರಗಳಲ್ಲಿ ಇದರ ಸಂಸಾರ. ನೀಲಿ ಮುಖ, ಕೆಂಪು ಕಣ್ಣು, ತಲೆ ಮೇಲೆ ಕೆದರಿದ ಜುಟ್ಟು. ತೂಕ ಮುಕ್ಕಾಲು ಕೆಜಿ ಆಸುಪಾಸು. ಗಯಾನಾ ದೇಶದ ರಾಷ್ಟ್ರಪಕ್ಷಿ ಇದೇ.

ವಾಸನೆಗೆ ಕಾರಣ ಇದರ ಊಟ. ತಿನ್ನುವುದರಲ್ಲಿ ಶೇಕಡಾ 80ರಷ್ಟು ಬರೀ ಎಲೆ. ಎಲೆಯಲ್ಲಿ ನಾರು ಜಾಸ್ತಿ, ಸತ್ವ ಕಡಿಮೆ, ಸುಮ್ನೆ ನುಂಗಿದರೆ ಮೈಗೆ ಹತ್ತುವುದಿಲ್ಲ. ಹಸು ಏನು ಮಾಡುತ್ತದೆ? ಹೊಟ್ಟೆಯ ಮೊದಲ ಚೀಲದಲ್ಲಿ ಬ್ಯಾಕ್ಟೀರಿಯಾ ಸಾಕಿಕೊಂಡು, ಮೇವನ್ನು ಹುದುಗಿಸಿ ಅರಗಿಸಿಕೊಳ್ಳುತ್ತದೆ ಅಲ್ವಾ, ಹೊವಾಟ್ಸಿನ್ ಅದೇ ಕೆಲಸವನ್ನು ಗಂಟಲ ಕೆಳಗಿನ ದೊಡ್ಡ ಚೀಲದಲ್ಲಿ ಮಾಡುತ್ತದೆ. ಅಲೆಹಾಂಡ್ರೊ ಗ್ರಹಾಲ್ ಮತ್ತು ಜೊತೆಗಾರರು 1989ರಲ್ಲಿ ಇದನ್ನು ಸೈನ್ಸ್ ಪತ್ರಿಕೆಯಲ್ಲಿ ವಿವರಿಸಿದರು. ಹೀಗೆ ಅರಗಿಸಿಕೊಳ್ಳುವ ಬೇರೆ ಹಕ್ಕಿ ಗೊತ್ತಿಲ್ಲ.

ಆದರೆ ಇದಕ್ಕೆ ತೆತ್ತ ಬೆಲೆ ದೊಡ್ಡದು. ಆ ಚೀಲ ಎದೆಯ ಜಾಗವನ್ನೆಲ್ಲ ತಿಂದುಬಿಟ್ಟಿದೆ, ಹಾಗಾಗಿ ರೆಕ್ಕೆ ಬಡಿಯುವ ಸ್ನಾಯುಗಳು ಹಿಡಿಯುವ ಎದೆಮೂಳೆ ಚಿಕ್ಕದಾಗಿ, ಹಾರಾಟ ಒಂದು ಮರದಿಂದ ಪಕ್ಕದ ಮರಕ್ಕೆ ಧಡಬಡ ಅನ್ನುವಷ್ಟಕ್ಕೆ ನಿಂತಿದೆ. ತುಂಬಿದ ಚೀಲದ ಭಾರಕ್ಕೆ ಎದೆಯನ್ನು ಕೊಂಬೆಗೆ ಆನಿಸಿ ಕೂರುತ್ತದೆ. ಅದಕ್ಕೆಂದೇ ಎದೆಯ ಮೇಲೆ ದಪ್ಪ ಚರ್ಮ ಬೆಳೆದಿದೆ. ದಿನದ ಬಹುಪಾಲು ಹೀಗೇ ಕೂತು ಅರಗಿಸಿಕೊಳ್ಳುವುದೇ.

ನನಗೆ ಎಲ್ಲಕ್ಕಿಂತ ಇಷ್ಟ ಇದರ ಮರಿ. ಹುಟ್ಟುವಾಗಲೇ ಪ್ರತಿ ರೆಕ್ಕೆಯಲ್ಲಿ ಎರಡೆರಡು ಉಗುರು. ಗಿಡುಗವೋ ಕೋತಿಯೋ ಗೂಡಿನ ಹತ್ತಿರ ಬಂದರೆ, ಇನ್ನೂ ಹಾರಲು ಬಾರದ ಮರಿ ಕೆಳಗಿನ ನೀರಿಗೆ ಧುಮುಕಿಬಿಡುತ್ತದೆ, ಮುಳುಗಿ ಈಜಿ ದಡ ಸೇರುತ್ತದೆ, ಅಪಾಯ ಕಳೆದ ಮೇಲೆ ರೆಕ್ಕೆಯ ಉಗುರು, ಕಾಲು, ಕೊಕ್ಕು ಎಲ್ಲದರಿಂದ ಹಿಡಿದು ಹಿಡಿದು ಮರ ಹತ್ತುತ್ತದೆ. ಈ ಉಗುರು ನೋಡಿ ಇದನ್ನು ಡೈನೋಸಾರ್ ಕಾಲದ ಹಕ್ಕಿ ಅನ್ನುವವರಿದ್ದಾರೆ. ನನಗೆ ಆ ಮಾತು ಸರಿ ಅನ್ನಿಸುವುದಿಲ್ಲ. ಬೇರೆ ಕೆಲವು ಹಕ್ಕಿಗಳ ಮರಿಗಳಿಗೂ ರೆಕ್ಕೆಯಲ್ಲಿ ಉಗುರು ಇರುತ್ತದೆ. ನೀರಿನ ಮೇಲೆ ಗೂಡು ಕಟ್ಟುವ ಹಕ್ಕಿಗೆ ಇವತ್ತಿಗೂ ಅದು ಬೇಕು, ಅಷ್ಟೇ.

ಮರಿಗೆ ಆ ಬ್ಯಾಕ್ಟೀರಿಯಾ ಬರುವುದು ಎಲ್ಲಿಂದ? ಅಪ್ಪ ಅಮ್ಮ ತಮ್ಮ ಚೀಲದಲ್ಲಿ ಹುದುಗಿದ ಎಲೆಯ ಗಂಜಿಯನ್ನೇ ಕಕ್ಕಿ ತಿನ್ನಿಸುತ್ತಾರೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಮರಿ ದೊಡ್ಡದಾಗುತ್ತಾ ರೆಕ್ಕೆಯ ಉಗುರು ಹೋಗುತ್ತದೆ, ಆ ಹೆಪ್ಪು ಮಾತ್ರ ಕೊನೆತನಕ ಉಳಿಯುತ್ತದೆ.