ಪರಿಮಳ ಮೇಲೇಳುವುದು ಮೇಣದ ಮಡುವಿನಿಂದ

ಮನೆಯಲ್ಲಿ ಪರಿಮಳದ ಮೇಣದಬತ್ತಿಗಳನ್ನು ಮಾಡಲು ತೊಡಗಿದ ಮೊದಲ ತಿಂಗಳುಗಳಲ್ಲಿ ನನ್ನ ಗಮನವೆಲ್ಲ ಸುಗಂಧ ತೈಲದ ಮೇಲೆಯೇ ಇತ್ತು. ಒಳ್ಳೆಯ ತೈಲವನ್ನು ತಂದು, ಧಾರಾಳವಾಗಿ ಬೆರೆಸಿ, ಚೆನ್ನಾಗಿ ಕಲಕಿದರೆ ಕೋಣೆಯೆಲ್ಲ ಘಮಘಮಿಸುತ್ತದೆ ಎಂದು ನಂಬಿದ್ದೆ. ನಾನು ಮಾಡಿದ ಮೊದಲ ಮೇಣದಬತ್ತಿ ಅಪ್ಪಟ ಜೇನುಮೇಣದ್ದು. ಅದಕ್ಕೆ ಲ್ಯಾವೆಂಡರ್ ಸಾರತೈಲವನ್ನು ಸೇರಿಸಿದ್ದೆ. ಹಚ್ಚಿದಾಗ ಬಂದದ್ದು ಜೇನುಮೇಣದ ವಾಸನೆಯೊಂದೇ, ಲ್ಯಾವೆಂಡರ್‌ನ ಸುಳಿವೂ ಇರಲಿಲ್ಲ. ಹೊತ್ತು ಕಳೆದಂತೆ ಬತ್ತಿಯ ಸುತ್ತ ಎರಡು ಬೆರಳಗಲದ ಕುಳಿ ಬಿದ್ದು, ಜ್ವಾಲೆ ಅದರೊಳಗೆ ಇಳಿಯುತ್ತ ಹೋಗಿ, ಕೊನೆಗೆ ಕರಗಿದ ಮೇಣದಲ್ಲಿಯೇ ಮುಳುಗಿ ನಂದಿತು. ಲೋಟದ ಅಂಚಿನ ಮೇಣವೆಲ್ಲ ಕರಗದೆ ಗೋಡೆಯಂತೆ ನಿಂತಿತ್ತು. ತೈಲ ಸಾಲದಾಯಿತೆಂದು ಭಾವಿಸಿ ಮುಂದಿನದಕ್ಕೆ ಇನ್ನಷ್ಟು ಹಾಕಿದೆ; ಆಗಲೂ ಕುಳಿ ಬಿದ್ದಿತು, ಆಗಲೂ ಪರಿಮಳ ಬರಲಿಲ್ಲ.

ತಪ್ಪು ತೈಲದ್ದಲ್ಲ, ಮೇಣದ್ದು ಎಂಬುದು ತಿಳಿಯಬೇಕಾದರೆ ಮೇಣದಬತ್ತಿ ಉರಿಯುವ ಬಗೆಯನ್ನು ಗಮನಿಸಬೇಕಾಯಿತು. ಜ್ವಾಲೆಯ ಕಾವಿಗೆ ಮೇಣ ಕರಗುತ್ತದೆ, ಕರಗಿದ ಮೇಣವನ್ನು ಬತ್ತಿಯ ನೂಲು ಮೇಲಕ್ಕೆ ಹೀರಿಕೊಳ್ಳುತ್ತದೆ, ಅಲ್ಲಿ ಅದು ಆವಿಯಾಗಿ ಉರಿಯುತ್ತದೆ. ಹೀಗೆ ಬತ್ತಿಯನ್ನೇರಿದ ಮೇಣದ ಜೊತೆಗಿದ್ದ ಸುಗಂಧ ತೈಲ ಬಹುಪಾಲು ಜ್ವಾಲೆಯಲ್ಲಿಯೇ ಸುಟ್ಟುಹೋಗುತ್ತದೆ. ಅದರಿಂದ ಮೂಗಿಗೆ ಲಾಭವಿಲ್ಲ. ಕೋಣೆಗೆ ಹರಡುವ ಪರಿಮಳ ಜ್ವಾಲೆಯ ಸುತ್ತ ದ್ರವವಾಗಿ ನಿಂತ ಮೇಣದ ಮೇಲ್ಮೈಯಿಂದ ಆವಿಯಾಗಿ ಏಳುತ್ತದೆ. ಆ ದ್ರವದ ಪುಟ್ಟ ಕೊಳವನ್ನು ನಾನು ಮಡು ಎಂದು ಕರೆಯುತ್ತೇನೆ. ಮಡು ಎಷ್ಟು ಅಗಲವಾಗಿದೆ, ಎಷ್ಟು ಆಳವಾಗಿದೆ, ಎಷ್ಟು ಬಿಸಿಯಾಗಿದೆ ಎಂಬುದರ ಮೇಲೆ ಪರಿಮಳದ ಬಲ ನಿಂತಿದೆ. ಒಂದು ಮೇಣಕ್ಕೆ ಇನ್ನೊಂದನ್ನು ಬೆರೆಸುವ ಕೆಲಸವೆಲ್ಲ ಈ ಮಡುವನ್ನು ನಮಗೆ ಬೇಕಾದ ಹದಕ್ಕೆ ತರುವ ಕೆಲಸವೇ ಎಂದು ಅರ್ಥವಾದ ಮೇಲೆ ನಾನು ತೈಲದ ಬಾಟಲಿಯನ್ನು ಬದಿಗಿಟ್ಟು ಮೇಣಗಳನ್ನು ಅಭ್ಯಾಸ ಮಾಡಲು ಕುಳಿತೆ.

ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದು ಗಟ್ಟಿ, ಅಂಟು, ನಿಧಾನವಾಗಿ ಉರಿಯುವ ಮೇಣ. ಕರಗಿದಾಗಲೂ ಮಂದವಾಗಿರುವುದರಿಂದ ಬತ್ತಿ ಅದನ್ನು ಕಷ್ಟಪಟ್ಟು ಮೇಲೆಳೆಯಬೇಕಾಗುತ್ತದೆ. ಅಗಲವಾದ ಲೋಟದಲ್ಲಿ ಅದೊಂದನ್ನೇ ತುಂಬಿದರೆ ಮಡು ಅಂಚಿನವರೆಗೆ ಹರಡುವುದೇ ಇಲ್ಲ, ನನ್ನ ಮೊದಲ ಪ್ರಯತ್ನದಲ್ಲಿ ಆದದ್ದೂ ಇದೇ. ಸೋಯಾ ಮೇಣ ಇದಕ್ಕೆ ತದ್ವಿರುದ್ಧ. ಸೋಯಾ ಎಣ್ಣೆಗೆ ಜಲಜನಕವನ್ನು ಸೇರಿಸಿ ಗಟ್ಟಿಯಾಗಿಸಿದ ಈ ಮೇಣ ಮೇಣದಬತ್ತಿಯ ಬಳಕೆಗೆ ಬಂದದ್ದು 1990ರ ದಶಕದಲ್ಲಿ. ಲೋಟಗಳಿಗೆಂದೇ ತಯಾರಾಗುವ ಬಗೆ ಸುಮಾರು 50 ಡಿಗ್ರಿಯಲ್ಲಿ ಕರಗುತ್ತದೆ. ಮಡು ಬೇಗ ಹರಡುತ್ತದೆ, ತೈಲವನ್ನೂ ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಬಿಸಿಲಿನ ದಿನಗಳಲ್ಲಿ ಅದರ ಮೇಲೆ ತೈಲದ ಹನಿಗಳು ಬೆವರಿನಂತೆ ಮೂಡುತ್ತವೆ, ಒಂದೆರಡು ಸಲ ಉರಿಸಿದ ಮೇಲೆ ಮೇಲ್ಮೈ ಒರಟಾಗಿ ಉಬ್ಬುತ್ತದೆ. ತೆಂಗಿನ ಮೇಣ ಇನ್ನೂ ಮೆತ್ತಗೆ. ತೆಂಗಿನೆಣ್ಣೆ 24 ಡಿಗ್ರಿಯ ಹೊತ್ತಿಗೇ ಕರಗುವ ವಸ್ತುವಾದ್ದರಿಂದ, ಜಲಜನಕ ಸೇರಿಸಿ ಗಟ್ಟಿಮಾಡಿದ ಮೇಲೂ ಅದು ತಾನೊಂದೇ ನಿಲ್ಲಲಾರದು. ಆದರೆ ಬೇರೆ ಮೇಣಗಳ ಜೊತೆ ಸೇರಿದಾಗ ಮೇಲ್ಮೈಯನ್ನು ನುಣುಪಾಗಿಸಿ ಮಡುವನ್ನು ಸಮನಾಗಿ ಹರಡಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ.

ಇವಲ್ಲದೆ ಗಡಸು ಮೇಣಗಳ ಒಂದು ಗುಂಪೇ ಇದೆ. ಬ್ರೆಜಿಲ್‌ನ ಈಶಾನ್ಯ ಭಾಗದ ತಾಳೆಜಾತಿಯ ಮರವೊಂದರ ಎಲೆಗಳಿಂದ ಸಿಗುವ ಕಾರ್ನೌಬಾ 82 ಡಿಗ್ರಿ ದಾಟಿದ ಮೇಲಷ್ಟೇ ಕರಗುತ್ತದೆ. ಮೆಕ್ಸಿಕೋದ ಉತ್ತರದ ಒಣ ನೆಲದಲ್ಲಿ ಬೆಳೆಯುವ ಪೊದೆಯಿಂದ ಬರುವ ಕ್ಯಾಂಡೆಲಿಲ್ಲಾ 70 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಇವು ಚಿಟಿಕೆಯಷ್ಟು ಸಾಕಾಗುವ ಮೇಣಗಳು. ಹೆಚ್ಚಾದರೆ ಮೇಣದಬತ್ತಿ ಕಲ್ಲಿನಂತಾಗುತ್ತದೆ.

ನೈಸರ್ಗಿಕ ಎಂಬ ಮಾತಿನ ಬಗ್ಗೆ ಇಲ್ಲಿಯೇ ಒಂದು ವಿಷಯವನ್ನು ಹೇಳಿಬಿಡುತ್ತೇನೆ. ಸೋಯಾ ಮತ್ತು ತೆಂಗಿನ ಮೇಣಗಳು ಗಿಡಮರಗಳಿಂದ ಬಂದವು ನಿಜ, ಆದರೆ ಕಾರ್ಖಾನೆಯ ಸಂಸ್ಕರಣೆಯಿಲ್ಲದೆ ಅವು ಮೇಣವಾಗುವುದಿಲ್ಲ. ನೈಸರ್ಗಿಕ ಮೇಣ ಮಸಿ ಬಿಡುವುದಿಲ್ಲ ಎಂಬ ಮಾತೂ ಸರಿಯಲ್ಲ. ಬತ್ತಿ ಅಳತೆಗೆ ಮೀರಿ ದಪ್ಪವಾಗಿದ್ದರೆ, ಕುಡಿ ಉದ್ದವಾಗಿದ್ದರೆ, ಗಾಳಿಗೆ ಜ್ವಾಲೆ ಹೊಯ್ದಾಡುತ್ತಿದ್ದರೆ ಯಾವ ಮೇಣವಾದರೂ ಮಸಿ ಉಗುಳುತ್ತದೆ. ನಾನು ಈ ಮೇಣಗಳನ್ನು ಆರಿಸಿಕೊಂಡಿರುವುದು ಅವು ಮತ್ತೆ ಮತ್ತೆ ಬೆಳೆಯುವ ಮೂಲಗಳಿಂದ ಬರುತ್ತವೆ ಎಂಬುದಕ್ಕಾಗಿ ಮತ್ತು ಅವುಗಳ ಮಡುವಿನ ಹದ ನನಗೆ ಇಷ್ಟವೆಂಬುದಕ್ಕಾಗಿ. ಅದಕ್ಕಿಂತ ದೊಡ್ಡ ಗುಣವನ್ನು ಅವುಗಳ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ.

ಬೆರಕೆಯ ಪ್ರಮಾಣವನ್ನು ಕಂಡುಕೊಳ್ಳಲು ಹಲವು ವಾರಗಳು ಹಿಡಿದವು. ಮೊದಲು 70 ಭಾಗ ಸೋಯಾಗೆ 30 ಭಾಗ ಜೇನುಮೇಣ ಹಾಕಿದೆ. ಮಡು ಅಂಚಿಗೆ ಮುಟ್ಟಲಿಲ್ಲ. ಜೇನುಮೇಣವನ್ನು 20ಕ್ಕೆ ಇಳಿಸಿದಾಗ ಮುಟ್ಟಿತು, ಆದರೆ ತೀರ ತಡವಾಗಿ, ಜೊತೆಗೆ ಅದರ ವಾಸನೆ ಹೂವಿನ ತೈಲಗಳನ್ನು ಇನ್ನೂ ಮುಚ್ಚಿಹಾಕುತ್ತಿತ್ತು. ಈಗ ನಾನು ನೆಚ್ಚಿಕೊಂಡಿರುವುದು ತೂಕದಲ್ಲಿ 70 ಭಾಗ ಸೋಯಾ, 20 ಭಾಗ ತೆಂಗಿನ ಮೇಣ, 10 ಭಾಗ ಜೇನುಮೇಣ. ಸೋಯಾ ಮೈಯಾಗುತ್ತದೆ, ತೆಂಗು ಮಡುವನ್ನು ಹರಡುತ್ತದೆ, ಜೇನುಮೇಣ ಇವೆರಡನ್ನೂ ಬಿಗಿಯಾಗಿ ಹಿಡಿದು ಬೆವರುವುದನ್ನು ತಗ್ಗಿಸುತ್ತದೆ. ಜೇನುಮೇಣದ ವಾಸನೆ ಬೇಡವಾದಲ್ಲಿ ಸೋಸಿ ಬಿಳುಪುಗೊಳಿಸಿದ್ದನ್ನೇ ಬಳಸಬೇಕು. ಸೋಸದ ಮೇಣದಲ್ಲಿ ಉಳಿದಿರುವ ಸಣ್ಣ ಕಣಗಳು ಬತ್ತಿಯ ನೂಲನ್ನು ಕಟ್ಟಿಸಿ ಜ್ವಾಲೆಯನ್ನು ಕುಗ್ಗಿಸುತ್ತವೆ. ಇದು ಗೊತ್ತಾಗದೆ ನಾನು ಒಳ್ಳೆಯ ಬತ್ತಿಗಳನ್ನು ದೂರಿದ್ದುಂಟು.

ಲೆಕ್ಕವನ್ನು ಯಾವಾಗಲೂ ತೂಕದಲ್ಲಿ ಮಾಡಬೇಕು, ಚಮಚ ಲೋಟಗಳ ಅಳತೆ ಇಲ್ಲಿ ನಡೆಯದು. ಲೋಟವನ್ನು ಎಲ್ಲಿಯವರೆಗೆ ತುಂಬಬೇಕೋ ಅಲ್ಲಿಯವರೆಗೆ ನೀರು ಹಾಕಿ, ನೀರಿನ ತೂಕವನ್ನು 0.9ರಿಂದ ಗುಣಿಸಿದರೆ ಬೇಕಾಗುವ ಒಟ್ಟು ಮಿಶ್ರಣದ ತೂಕ ಹೆಚ್ಚುಕಡಿಮೆ ಸಿಗುತ್ತದೆ. ನನ್ನ ಲೋಟದಲ್ಲಿ 240 ಗ್ರಾಂ ನೀರು ಹಿಡಿಯುತ್ತದೆ. ಅಂದರೆ 216 ಗ್ರಾಂ ಮಿಶ್ರಣ. ಅದರಲ್ಲಿ 200 ಗ್ರಾಂ ಮೇಣ, ಮೇಣದ ತೂಕದ ನೂರಕ್ಕೆ 8ರಷ್ಟು ಎಂದರೆ 16 ಗ್ರಾಂ ತೈಲ. ಮೇಣದ 200 ಗ್ರಾಂನಲ್ಲಿ ಸೋಯಾ 140, ತೆಂಗು 40, ಜೇನುಮೇಣ 20. ಶೇಕಡಾ 10ನ್ನು ದಾಟಿ ತೈಲ ಹಾಕಿದಾಗಲೆಲ್ಲ ಮೇಣ ಅದನ್ನು ಹೊರಗೆ ತಳ್ಳಿದೆ, ಬತ್ತಿ ಕಟ್ಟಿಕೊಂಡಿದೆ, ಪರಿಮಳ ಮಾತ್ರ ಹೆಚ್ಚಿಲ್ಲ. ಲೋಟವನ್ನು ನೀರಿನಿಂದ ಅಳೆದ ಮೇಲೆ ತೇವದ ಪಸೆಯೂ ಉಳಿಯದಂತೆ ಒರೆಸಿ ಒಣಗಿಸಬೇಕು. ಮೇಣದೊಳಗೆ ಸೇರಿದ ಒಂದು ಹನಿ ನೀರು ಉರಿಯುವಾಗ ಚಟಪಟನೆ ಸಿಡಿಯುತ್ತದೆ.

ಕರಗಿಸುವಾಗ ನೇರ ಉರಿಯ ಮೇಲೆ ಮೇಣದ ಪಾತ್ರೆಯನ್ನು ಇಡಬಾರದು. ಕುದಿಯುವ ನೀರಿನ ದೊಡ್ಡ ಪಾತ್ರೆಯೊಳಗೆ ಮೇಣದ ಪಾತ್ರೆಯನ್ನು ಇಟ್ಟರೆ ಶಾಖ 100 ಡಿಗ್ರಿಯನ್ನು ಮೀರುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಶಾಖ ಬೇಡುವ ಜೇನುಮೇಣವನ್ನು ಮೊದಲು ಕರಗಿಸಿ, ಅದರಲ್ಲಿ ಸೋಯಾ, ಕಡೆಗೆ ತೆಂಗಿನ ಮೇಣ ಸೇರಿಸುತ್ತೇನೆ. ಮಿಶ್ರಣ 80 ಡಿಗ್ರಿಯವರೆಗೆ ಬಿಸಿಯಾಗಿ, ಹರಳಿನ ಎಳೆಯೂ ಇಲ್ಲದಂತೆ ತಿಳಿಯಾದ ಮೇಲೆ ಕೆಳಗಿಳಿಸಿ, 70ಕ್ಕೆ ಇಳಿಯುವವರೆಗೆ ಕಾಯುತ್ತೇನೆ. ತೈಲ ಹಾಕುವುದು ಆಗ. ಎರಡು ನಿಮಿಷ, ಗುಳ್ಳೆ ಏಳದಂತೆ, ಪಾತ್ರೆಯ ತಳವನ್ನು ಮುಟ್ಟಿಸುತ್ತ ನಿಧಾನವಾಗಿ ಕಲಕಬೇಕು. ಇದಕ್ಕಿಂತ ತಣ್ಣಗಾದ ಮೇಲೆ ಹಾಕಿದರೆ ಜೇನುಮೇಣ ಅದಾಗಲೇ ಹರಳುಗಟ್ಟಲು ಶುರುಮಾಡಿ ತೈಲ ಒಂದೇ ಸಮನೆ ಸೇರುವುದಿಲ್ಲ.

ತೈಲದ ಬಾಟಲಿಯ ಮೇಲೆ ಬರೆದಿರುವ ಜ್ವಲನಾಂಕವನ್ನು ಅನೇಕರು ತಪ್ಪಾಗಿ ತಿಳಿಯುತ್ತಾರೆ. ಆ ಶಾಖವನ್ನು ದಾಟಿದೊಡನೆ ಪರಿಮಳ ಹಾರಿಹೋಗುತ್ತದೆ ಎಂದು ಅದರ ಅರ್ಥವಲ್ಲ. ಆ ಶಾಖದಲ್ಲಿ ತೈಲದ ಆವಿಗೆ ಹತ್ತಿರದ ಬೆಂಕಿ ತಗುಲಿದರೆ ಅದು ಹೊತ್ತಿಕೊಳ್ಳಬಲ್ಲದು ಎಂದಷ್ಟೇ ಅರ್ಥ. ಕಿತ್ತಳೆ, ನಿಂಬೆಗಳ ಸಾರತೈಲಗಳಿಗೆ ಈ ಅಂಕ 50 ಡಿಗ್ರಿಯ ಹತ್ತಿರವೇ ಇರುವುದರಿಂದ, ತೈಲ ಬೆರೆಸುವ ಮುನ್ನ ಒಲೆಯನ್ನು ಪೂರ್ತಿ ಆರಿಸಿರಬೇಕು.

ಹೊಯ್ಯುವ ಹೊತ್ತಿಗೆ ಮಿಶ್ರಣ 60 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸಾಕು. ಲೋಟವನ್ನು ಸ್ವಲ್ಪ ಬೆಚ್ಚಗೆ ಮಾಡಿಟ್ಟುಕೊಂಡಿದ್ದರೆ ಮೇಣ ಗಾಜಿನಿಂದ ಬಿಡಿಸಿಕೊಂಡು ಅಲ್ಲಲ್ಲಿ ಒದ್ದೆಯಂಥ ಕಲೆ ಕಾಣುವುದು ಕಡಿಮೆಯಾಗುತ್ತದೆ. ಕೆಲವು ದಿನಗಳ ಮೇಲೆ ಸೋಯಾ ಮೇಣದ ಮೇಲೆ ಮಂಜು ಹಿಡಿದಂಥ ಬಿಳಿ ಪದರ ಮೂಡುವುದುಂಟು. ಮೇಣದ ಕೊಬ್ಬು ಒಂದು ಬಗೆಯ ಹರಳಿನಿಂದ ಇನ್ನಷ್ಟು ಸ್ಥಿರವಾದ ಮತ್ತೊಂದು ಬಗೆಗೆ ತಿರುಗುವುದರ ಗುರುತು ಅದು. ಪರಿಮಳಕ್ಕೆ ಅದರಿಂದ ಕುಂದಿಲ್ಲ. ನಾನು ಬಣ್ಣ ಹಾಕುವುದನ್ನೇ ಬಿಟ್ಟಿರುವುದರಿಂದ ಆ ಬಿಳುಪು ಕಣ್ಣಿಗೆ ಬೀಳುವುದೂ ಇಲ್ಲ.

ಬತ್ತಿಯ ಆಯ್ಕೆಯೇ ಈ ಕೆಲಸದ ಅತಿ ಕಠಿಣವಾದ ಭಾಗ ಎಂದು ನನ್ನ ಅನುಭವ. ಹಿಂದೆ ನೂಲನ್ನು ಸುಮ್ಮನೆ ಹೊಸೆದು ಮಾಡಿದ ಬತ್ತಿಗಳ ಕುಡಿಯನ್ನು ಉರಿಯುವಾಗಲೇ ಮತ್ತೆ ಮತ್ತೆ ಕತ್ತರಿಸುತ್ತಿರಬೇಕಾಗಿತ್ತು. 1825ರಲ್ಲಿ ಫ್ರಾನ್ಸಿನ ಕಾಂಬಸೆರೆ ಎಂಬವರು ಹೆಣೆದ ಬತ್ತಿಯನ್ನು ತಂದರು. ಉರಿಯುವಾಗ ಅದು ಬಾಗಿ, ತುದಿ ಜ್ವಾಲೆಯ ಹೊರಅಂಚಿಗೆ ಚಾಚಿ ತಾನಾಗಿ ಸುಟ್ಟುಹೋಗುತ್ತದೆ. ಇಂದಿನ ಹತ್ತಿಯ ಬತ್ತಿಗಳು ಇದೇ ಉಪಾಯದ ಮೇಲೆ ನಿಂತಿವೆ. ಲೋಟದ ಒಳವ್ಯಾಸಕ್ಕೆ ತಕ್ಕ ಬತ್ತಿಯನ್ನು ಪಟ್ಟಿ ನೋಡಿ ಆರಿಸಬಹುದು, ಆದರೆ ಪಟ್ಟಿ ದಾರಿ ತೋರಿಸುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ, ಏಕೆಂದರೆ ಬೆರಕೆ ಬದಲಾದರೆ ಬತ್ತಿಯೂ ಬದಲಾಗಬೇಕು. ಜೇನುಮೇಣವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದ್ದಕ್ಕೇ ನಾನು ಒಂದು ಅಳತೆ ದಪ್ಪನೆಯ ಬತ್ತಿಗೆ ಹೋಗಬೇಕಾಯಿತು. ಒಂದೇ ಮಿಶ್ರಣವನ್ನು ಮೂರು ಲೋಟಗಳಿಗೆ ಹೊಯ್ದು, ಮೂರಕ್ಕೂ ಬೇರೆ ಬೇರೆ ಅಳತೆಯ ಬತ್ತಿ ನಿಲ್ಲಿಸಿ, ಒಂದೇ ಹೊತ್ತಿಗೆ ಹಚ್ಚಿ ನೋಡುವುದು ನನ್ನ ಕ್ರಮ. ವ್ಯಾಸದ ಪ್ರತಿ 2.5 ಸೆಂಟಿಮೀಟರಿಗೆ ಒಂದು ಗಂಟೆಯಂತೆ, 7 ಸೆಂಟಿಮೀಟರ್ ಅಗಲದ ಲೋಟದಲ್ಲಿ ಸುಮಾರು ಮೂರು ಗಂಟೆಗೆ ಮಡು ಅಂಚು ಮುಟ್ಟಿರಬೇಕು, ಆಳ 6ರಿಂದ 12 ಮಿಲಿಮೀಟರ್ ಇರಬೇಕು. ಅದಕ್ಕಿಂತ ಬಹಳ ಬೇಗ ಮುಟ್ಟಿದರೆ ಬತ್ತಿ ದಪ್ಪವಾಯಿತು. ಮಡು ಅತಿಯಾಗಿ ಬಿಸಿಯಾಗಿ ಪರಿಮಳವನ್ನು ಮೊದಲ ಎರಡು ಸಲದಲ್ಲಿಯೇ ಕಳೆದುಕೊಳ್ಳುತ್ತದೆ. ಮೊದಲ ಸಲ ಹಚ್ಚಿದಾಗ ಅಂಚು ಮುಟ್ಟುವ ಮೊದಲೇ ನಂದಿಸಿದರೆ ಮುಂದಿನ ಸಲವೂ ಕುಳಿ ಅದೇ ಜಾಡಿನಲ್ಲಿ ಇಳಿಯುತ್ತದೆ.

ಹೊಯ್ದ ಮಾರನೆಯ ದಿನವೇ ಹಚ್ಚಿ ನಿರಾಶರಾಗುವವರು ಬಹಳ ಮಂದಿ. ಸೋಯಾ ಹೆಚ್ಚಾಗಿರುವ ಬೆರಕೆಗೆ ಎರಡು ವಾರ ಬೇಕು. ಹರಳುಗಳು ನೆಲೆಗೊಳ್ಳುವವರೆಗೆ ಪರಿಮಳ ತನ್ನ ಪೂರ್ತಿ ಬಲಕ್ಕೆ ಬರುವುದಿಲ್ಲ. ಮೂರನೆಯ ದಿನ ಸಪ್ಪೆ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದ ಅದೇ ಮೇಣದಬತ್ತಿಯ ಮುಂದೆ ಹದಿನಾಲ್ಕನೆಯ ದಿನ ‘ಬಾಗಿಲಾಚೆಗೂ ಬರುತ್ತದೆ’ ಎಂದು ಬರೆದಿದ್ದೇನೆ. ಮಾಡಿದವರ ಮೂಗನ್ನೂ ಇಲ್ಲಿ ಪೂರ್ತಿ ನಂಬಬಾರದು. ಪಕ್ಕದಲ್ಲಿಯೇ ಕುಳಿತವರ ಮೂಗು ಬೇಗ ಒಗ್ಗಿಕೊಂಡುಬಿಡುತ್ತದೆ. ಹೊರಗೆ ಹೋಗಿ ಕಾಲು ಗಂಟೆ ಬಿಟ್ಟು ಒಳಬಂದಾಗ ಅನಿಸುವುದೇ ನಿಜವಾದ ಅಳತೆ.

ತೈಲಗಳ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಕಿತ್ತಳೆ ಜಾತಿಯವು ಹಗುರ, ಬೇಗ ಆವಿಯಾಗುತ್ತವೆ. ಅವುಗಳಿಗೆ ದೇವದಾರು, ಪಚೋಲಿ, ಲಾವಂಚದಂಥ ಭಾರದ ತೈಲಗಳನ್ನು ಜೊತೆ ಮಾಡಿದರೆ ಪರಿಮಳ ಮಧ್ಯದಲ್ಲಿ ಬರಿದಾಗುವುದಿಲ್ಲ. ನನಗೆ ಅತ್ಯಂತ ಪ್ರಿಯವಾದದ್ದು ಲಾವಂಚ ಮತ್ತು ಕಿತ್ತಳೆಯ ಜೋಡಿ. ಜೇನುಮೇಣದ ವಾಸನೆಯೂ ಅದರೊಳಗೆ ಜಗಳವಿಲ್ಲದೆ ಸೇರಿಹೋಗುತ್ತದೆ. ವೆನಿಲಿನ್ ಇರುವ ತೈಲಗಳು ಮೇಣವನ್ನು ಕಂದಾಗಿಸುತ್ತವೆ. ಮನೆಯಲ್ಲಿ ಬೆಕ್ಕಿದ್ದರೆ ಟೀ ಟ್ರೀ ತೈಲದ ಸಹವಾಸ ಬೇಡ, ಅದು ಆ ಪ್ರಾಣಿಗೆ ವಿಷ.

ಬೆಂಕಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮೇಣ ಹೊತ್ತಿಕೊಂಡರೆ ಅದರ ಮೇಲೆ ನೀರು ಸುರಿಯಬಾರದು. ನೀರು ತಕ್ಷಣ ಆವಿಯಾಗಿ ಉರಿಯುವ ಮೇಣವನ್ನು ಎಲ್ಲೆಡೆ ಎರಚುತ್ತದೆ. ಪಾತ್ರೆಗೆ ಸರಿಯಾಗಿ ಕೂರುವ ಮುಚ್ಚಳವೊಂದನ್ನು ಕೈಗೆಟಕುವಂತೆ ಇಟ್ಟುಕೊಂಡಿದ್ದು, ಅದನ್ನು ಮುಚ್ಚಿ ಶಾಖವನ್ನು ನಿಲ್ಲಿಸಬೇಕು. ಹಚ್ಚುವ ಮೊದಲು ಪ್ರತಿ ಸಲವೂ ಕುಡಿಯನ್ನು 6 ಮಿಲಿಮೀಟರಿಗೆ ಕತ್ತರಿಸುತ್ತೇನೆ, ನಾಲ್ಕು ಗಂಟೆಗಿಂತ ಹೆಚ್ಚು ಒಟ್ಟಿಗೆ ಉರಿಸುವುದಿಲ್ಲ, ತಳದಲ್ಲಿ ಒಂದು ಸೆಂಟಿಮೀಟರ್ ಮೇಣ ಉಳಿದಾಗ ನಿಲ್ಲಿಸಿಬಿಡುತ್ತೇನೆ, ಏಕೆಂದರೆ ಅಲ್ಲಿಂದ ಮುಂದೆ ಶಾಖವನ್ನು ತಡೆಯುವ ಮೇಣವಿಲ್ಲದೆ ಗಾಜು ಸೀಳಬಹುದು. ಪಾತ್ರೆಯಲ್ಲಿ ಅಂಟಿದ ಮೇಣವನ್ನು ಬಿಸಿಯಿರುವಾಗಲೇ ಕಾಗದದಿಂದ ಒರೆಸಬೇಕು. ತೊಟ್ಟಿಗೆ ಚೆಲ್ಲಿದರೆ ಅದು ಕೊಳವೆಯೊಳಗೆ ಗಟ್ಟಿಯಾಗುತ್ತದೆ.

ಈಗ ಜೇನುಮೇಣದ 10 ಭಾಗದ ಬದಲು 4 ಭಾಗ ಕ್ಯಾಂಡೆಲಿಲ್ಲಾ ಹಾಕಿ, ಉಳಿದ 6 ಭಾಗವನ್ನು ತೆಂಗಿನ ಮೇಣಕ್ಕೆ ಕೊಟ್ಟು ನೋಡುತ್ತಿದ್ದೇನೆ. ಮಲ್ಲಿಗೆಯಂಥ ಮೆಲುವಾದ ತೈಲಕ್ಕೆ ಜೇನಿನ ವಾಸನೆಯ ಅಡ್ಡಿಯಿಲ್ಲದ ಗಡಸುತನ ಬೇಕಿತ್ತು. ಮೂರು ಲೋಟ, ಮೂರು ಬತ್ತಿ, ಹೊಯ್ದ ದಿನಾಂಕ ಮೂರರ ಮೇಲೂ ಬರೆದಿದೆ. ಮೇಲ್ಮೈ ನುಣುಪಾಗಿ ಕೂತಿದೆ, ಬೆವರಿಲ್ಲ. ಮಡು ಹೇಗೆ ಹರಡುತ್ತದೆ ಎಂಬುದನ್ನು ನೋಡಲು ಇನ್ನು ಐದು ದಿನ ಬಾಕಿಯಿದೆ.